ಎಚ್ಚರಿಸಬೇಕಾದವನೇ ಮೌನವಾದಾಗ: ಕಡತ ರವಾನೆಯ ಸ್ಕ್ರಿಪ್ಟಿನಲ್ಲಿ ದೋಷನಿರ್ವಾಹಕದ ವಿಪರೀತ ವರ್ತನೆ

ಆರೋಗ್ಯ ಲೇಖನಗಳಿಗೆ ಮೀಸಲಾದ ಪುಟಗಳಲ್ಲಿ ಗಣಕಯಂತ್ರದ ಮಾತೇಕೆ ಎಂದು ಸಹೃದಯ ಓದುಗರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಇಂದು ನಮ್ಮ ರಕ್ತ, ಮೂತ್ರ, ಎಕ್ಸ್‌ರೇ, ಇ.ಸಿ.ಜಿ.ಗಳ ವರದಿಗಳೆಲ್ಲ ವೈದ್ಯರ ಕೈಸೇರುವ ಮೊದಲು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಪ್ರಯಾಣ ಮಾಡುತ್ತವೆ. ಆ ಪ್ರಯಾಣ ಮುರಿದುಬಿದ್ದರೆ ರೋಗಿಯ ಚಿಕಿತ್ಸೆಯೂ ಮುರಿದುಬೀಳುತ್ತದೆ. ಮುರಿದುಬಿದ್ದ ಸಂಗತಿ ಯಾರಿಗೂ ತಿಳಿಯದೆ ಹೋದರಂತೂ ಅಪಾಯ ಇಮ್ಮಡಿಯಾಗುತ್ತದೆ. ಅಂಥ ಒಂದು ಪ್ರಸಂಗವನ್ನೂ ಅದರಿಂದ ಕಲಿತ ಪಾಠವನ್ನೂ ಗಣಕಯಂತ್ರದ ಕೆಲಸವನ್ನು ವೃತ್ತಿಯಾಗಿಸಿಕೊಂಡ ತರುಣರಿಗೂ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಗೃಹಸ್ಥರಿಗೂ ಏಕಕಾಲದಲ್ಲಿ ತಿಳಿಸುವುದು ಈ ಲೇಖನದ ಉದ್ದೇಶ.

ನಡೆದ ಸಂಗತಿ

ಕೆಲವು ವರ್ಷಗಳ ಹಿಂದಿನ ಮಳೆಗಾಲ. ಜೋಗೇಶ್ವರಿ ಪೂರ್ವದಲ್ಲಿ ವಾಸವಾಗಿರುವ, ದಕ್ಷಿಣ ಕನ್ನಡದ ಕಡೆಯ ಒಬ್ಬ ತಾಯಿಗೆ ಬಾಲ್ಯದಲ್ಲಿ ಬಂದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತು. ಮಧ್ಯವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ನಡೆದು ಲೋಹದ ಕೃತಕ ಕವಾಟವನ್ನು ಅಳವಡಿಸಲಾಗಿತ್ತು. ಇಂಥ ಕವಾಟವುಳ್ಳವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ವರ್ಗದ ಗುಳಿಗೆಯನ್ನು ಜೀವಮಾನವಿಡೀ ಸೇವಿಸಬೇಕಾಗುತ್ತದೆ. ಗುಳಿಗೆ ಕಡಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯ. ಹೆಚ್ಚಾದರೆ ರಕ್ತಸ್ರಾವದ ಭಯ. ಈ ಎರಡರ ನಡುವಣ ಕಿರುದಾರಿಯನ್ನು ತೋರಿಸುವ ಅಳತೆಯೇ ಐ.ಎನ್.ಆರ್. ವಿಶ್ವ ಆರೋಗ್ಯ ಸಂಸ್ಥೆಯು 1983ರಲ್ಲಿ ಬಳಕೆಗೆ ತಂದ ಈ ಅಳತೆ, ಆ ತಾಯಿಯಂಥವರಲ್ಲಿ ಸಾಮಾನ್ಯವಾಗಿ 2.5ರಿಂದ 3.5ರ ಒಳಗಿರಬೇಕೆಂದು ವೈದ್ಯರು ಬಯಸುತ್ತಾರೆ.

ಆಕೆ ಒಂದು ಸೋಮವಾರ ಸಮೀಪದ ರಕ್ತಪರೀಕ್ಷಾಲಯದ ಶಾಖೆಯಲ್ಲಿ ರಕ್ತ ಕೊಟ್ಟುಬಂದರು. ವಾಡಿಕೆಯಂತೆ ರಾತ್ರಿ ಒಂಬತ್ತು ಗಂಟೆಗೆ ಅಂದಿನ ವರದಿಗಳೆಲ್ಲ ಒಂದು ಕಟ್ಟಾಗಿ ವೈದ್ಯರ ಚಿಕಿತ್ಸಾಲಯಗಳಿಗೆ ಸೇವೆ ಒದಗಿಸುವ ಸರ್ವರಿಗೆ ಹೋಗಬೇಕು. ಮಂಗಳವಾರ ಕಳೆಯಿತು, ವೈದ್ಯರಿಂದ ಕರೆ ಬರಲಿಲ್ಲ. "ಕರೆ ಬಾರದಿದ್ದರೆ ಎಲ್ಲವೂ ಸರಿಯಿದೆ ಎಂದೇ ಅರ್ಥ" ಎಂಬುದು ಮನೆಯವರ ನಂಬಿಕೆ. ಬುಧವಾರ ಬೆಳಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಇಳಿದ ರಕ್ತ ನಿಲ್ಲಲೇ ಇಲ್ಲ; ತೋಳಿನ ಮೇಲೆ ನೀಲಿಗಟ್ಟಿದ ಕಲೆಗಳು ಕಾಣಿಸಿದವು. ಮಗ ಗಾಬರಿಯಿಂದ ವೈದ್ಯರಿಗೆ ಫೋನು ಮಾಡಿದಾಗ ಅವರು, "ನಿಮ್ಮ ಅಮ್ಮನವರ ರಿಪೋರ್ಟ್ ನನಗೆ ಬಂದೇ ಇಲ್ಲವಲ್ಲ! ಮಳೆಯಿಂದಾಗಿ ಪರೀಕ್ಷೆಗೆ ಹೋಗಿಲ್ಲವೇನೋ ಎಂದುಕೊಂಡಿದ್ದೆ" ಎಂದರು. ಪರೀಕ್ಷಾಲಯದ ಯಂತ್ರದಲ್ಲಿ ಹುಡುಕಿದಾಗ ಸೋಮವಾರವೇ ಸಿದ್ಧವಾಗಿದ್ದ ವರದಿ ಸಿಕ್ಕಿತು: ಐ.ಎನ್.ಆರ್. 5.8.

ವೈದ್ಯರು ಕೂಡಲೇ ಗುಳಿಗೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ ಅಳತೆಯನ್ನು ಹದಕ್ಕೆ ತಂದರು. ಗಂಟಲು ನೋವಿಗೆಂದು ಆಕೆ ಔಷಧದ ಅಂಗಡಿಯಿಂದ ತಾವಾಗಿಯೇ ಕೊಂಡು ನುಂಗಿದ್ದ ಆಂಟಿಬಯಾಟಿಕ್ ಮಾತ್ರೆಗಳು ವಾರ್ಫರಿನ್ನಿನ ಪ್ರಭಾವವನ್ನು ಏರಿಸಿದ್ದವೆಂಬುದು ವಿಚಾರಿಸಿದ ಮೇಲೆ ತಿಳಿದುಬಂದಿತು. ದೈವಕೃಪೆಯಿಂದ ಪ್ರಾಣಾಪಾಯವಾಗಲಿಲ್ಲ. ಆದರೆ ಎರಡು ದಿನಗಳ ಕಾಲ ಎಚ್ಚರಿಕೆಯ ಗಂಟೆ ಏಕೆ ಬಾರಿಸಲಿಲ್ಲ ಎಂಬ ಪ್ರಶ್ನೆ ಉಳಿಯಿತು. ಪರೀಕ್ಷಾಲಯದವರು ನನ್ನನ್ನು ಕರೆದದ್ದು ಆಗ.

ಕಡತ ರವಾನೆ ಎಂದರೇನು?

ಒಂದು ಗಣಕಯಂತ್ರದಲ್ಲಿರುವ ಕಡತವನ್ನು ದೂರದ ಇನ್ನೊಂದು ಗಣಕಯಂತ್ರಕ್ಕೆ ಕಳುಹಿಸುವ ವಿಧಿಯನ್ನು ಮೊದಲ ಬಾರಿಗೆ ಬರವಣಿಗೆಯಲ್ಲಿ ನಿರೂಪಿಸಿದವರು ಒಬ್ಬ ಭಾರತೀಯರು ಎಂಬುದು ಅನೇಕರಿಗೆ ತಿಳಿಯದು. ಕಾನ್ಪುರದ ಐ.ಐ.ಟಿ.ಯ ಮೊದಲ ತಂಡದಲ್ಲಿ 1965ರಲ್ಲಿ ಪದವಿ ಪಡೆದ ಅಭಯ್ ಭೂಷಣ್ ಅವರು ಅಮೆರಿಕದ ಎಂ.ಐ.ಟಿ.ಯಲ್ಲಿದ್ದಾಗ 1971ರ ಏಪ್ರಿಲ್ 16ರಂದು ಎಫ್.ಟಿ.ಪಿ.ಯ ಮೊದಲ ಕರಡನ್ನು ಪ್ರಕಟಿಸಿದರು. ಅದು ಪರಿಷ್ಕಾರಗೊಳ್ಳುತ್ತ 1985ರಲ್ಲಿ ನೆಲೆನಿಂತ ರೂಪವನ್ನು ಪಡೆಯಿತು.

ಆ ವಿಧಿಯಲ್ಲಿ ಒಂದು ಸೊಗಸಾದ ಏರ್ಪಾಡಿದೆ. ಎದುರಿನ ಯಂತ್ರವು ಪ್ರತಿಯೊಂದು ಆಜ್ಞೆಗೂ ಮೂರಂಕಿಯ ಸಂಖ್ಯೆಯೊಂದನ್ನು ಉತ್ತರವಾಗಿ ಕೊಡುತ್ತದೆ. ಮೊದಲ ಅಂಕಿ 2 ಆಗಿದ್ದರೆ ಕೆಲಸ ನೆರವೇರಿತು. 4 ಆಗಿದ್ದರೆ ತಾತ್ಕಾಲಿಕ ತೊಂದರೆ, ಸ್ವಲ್ಪ ತಡೆದು ಮತ್ತೆ ಯತ್ನಿಸಬಹುದು. 5 ಆಗಿದ್ದರೆ ಹಾಗೆಯೇ ಮತ್ತೆ ಯತ್ನಿಸಿ ಫಲವಿಲ್ಲ, ಮೊದಲು ಕಾರಣವನ್ನು ಸರಿಪಡಿಸಬೇಕು. 226 ಎಂದರೆ ರವಾನೆ ಮುಗಿಯಿತೆಂದೂ, 426 ಎಂದರೆ ಸಂಪರ್ಕ ನಡುವೆಯೇ ಕಡಿದುಹೋಯಿತೆಂದೂ, 530 ಎಂದರೆ ಪ್ರವೇಶಕ್ಕೆ ಒಪ್ಪಿಗೆ ದೊರೆಯಲಿಲ್ಲವೆಂದೂ ಅರ್ಥ. ಸೋಲನ್ನು ಹೇಳುವ ಭಾಷೆ ಐದು ದಶಕಗಳಿಂದ ಸಿದ್ಧವಾಗಿಯೇ ಇದೆ. ಕೇಳಿಸಿಕೊಳ್ಳುವ ಕಿವಿಯಲ್ಲಿ ಮಾತ್ರ ಕೊರತೆ. ಹಳೆಯ ಎಫ್.ಟಿ.ಪಿ. ಆಜ್ಞೆಯು ಕಡತ ತಲಪದಿದ್ದರೂ ಕೊನೆಯಲ್ಲಿ "ನಾನು ಸರಿಯಾಗಿ ಮುಗಿದೆ" ಎಂದು ಹೇಳಿ ಹೊರಬರುವುದುಂಟು. ಆದುದರಿಂದ ಈಗ ಗೋಪ್ಯತೆಯೂ ನಂಬಿಕೆಯೂ ಹೆಚ್ಚಾದ ಎಸ್.ಎಫ್.ಟಿ.ಪಿ. ಮುಂತಾದವುಗಳ ಬಳಕೆ ಹೆಚ್ಚಿದೆ.

ನಮ್ಮ ಜೋಗೇಶ್ವರಿಯ ನೆರೆಹೊರೆಗೂ ಈ ಇತಿಹಾಸದಲ್ಲಿ ಪಾಲಿದೆ. ಪೂರ್ವಕ್ಕೆ ಪವಾಯಿಯ ಐ.ಐ.ಟಿ., ನೈಋತ್ಯಕ್ಕೆ ಜುಹೂವಿನಲ್ಲಿದ್ದ ಎನ್.ಸಿ.ಎಸ್.ಟಿ. ಸಂಸ್ಥೆ. ಇವೆರಡರ ನಡುವೆ 1986-87ರ ಸುಮಾರಿಗೆ ದೂರವಾಣಿ ತಂತಿಯ ಮೂಲಕ ವಿದ್ಯುನ್ಮಾನ ಅಂಚೆ ಹರಿದಾಡಿತು. ಭಾರತದ ಎರ್ನೆಟ್ ಜಾಲದ ಮೊದಲ ಹೆಜ್ಜೆಗಳವು. ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು.

ದೋಷನಿರ್ವಾಹಕ: ದೇಹದಲ್ಲಿ, ಯಂತ್ರದಲ್ಲಿ

ಪ್ರತಿದಿನವೂ ಮಾಡಬೇಕಾದ ಕೆಲಸವನ್ನು ಸಾಲುಸಾಲಾಗಿ ಬರೆದಿಟ್ಟ ಆಜ್ಞೆಗಳ ಪಟ್ಟಿಗೆ ಸ್ಕ್ರಿಪ್ಟ್ ಎಂದು ಹೆಸರು. ಕಡತಗಳನ್ನು ಕಟ್ಟು, ಸರ್ವರನ್ನು ತಲಪು, ಕಟ್ಟನ್ನು ಒಪ್ಪಿಸು, ಲೆಕ್ಕ ಬರೆ: ಇಷ್ಟೇ. ಪ್ರತಿಯೊಂದು ಆಜ್ಞೆಯೂ ಮುಗಿದಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಗೆಲವು, ಬೇರೆ ಯಾವುದಾದರೂ ಸೋಲು. ಸೋಲು ಕಂಡೊಡನೆ ತಾನಾಗಿ ಎಚ್ಚೆತ್ತು ಕೆಲಸ ಮಾಡಬೇಕಾದ ಭಾಗವೇ ದೋಷನಿರ್ವಾಹಕ. ಯುನಿಕ್ಸ್ ವ್ಯವಸ್ಥೆಯಲ್ಲಿ ಇದನ್ನು ನೇಮಿಸುವ ಆಜ್ಞೆಗೆ ಟ್ರ್ಯಾಪ್ ಎನ್ನುತ್ತಾರೆ. 1979ರಲ್ಲಿ ಹೊರಬಂದ ಬೋರ್ನ್ ಶೆಲ್ಲಿನಲ್ಲೇ ಇದು ಇತ್ತು. ಬ್ರಯನ್ ಫಾಕ್ಸ್ ಅವರು ರಚಿಸಿ 1989ರಲ್ಲಿ ಹೊರತಂದ ಬ್ಯಾಷ್ ಶೆಲ್ಲಿಗೂ ಇದು ಬಂದಿತು.

ನಮ್ಮ ದೇಹದಲ್ಲಿಯೂ ಇಂಥದೇ ಏರ್ಪಾಡಿದೆ. ರೋಗಾಣು ಹೊಕ್ಕೊಡನೆ ರಕ್ಷಣಾಶಕ್ತಿ ಎಚ್ಚೆತ್ತು ಜ್ವರ, ಬಾವು, ನೋವುಗಳನ್ನು ತೋರಿಸುತ್ತದೆ. ಜ್ವರವು ರೋಗವಲ್ಲ, ರೋಗದ ಸೂಚನೆ ಎಂಬ ಮಾತನ್ನು ವೈದ್ಯರಿಂದ ನಾವೆಲ್ಲ ಕೇಳಿದ್ದೇವೆ. ಆದರೆ ಈ ಕಾವಲುಗಾರನೇ ದಾರಿತಪ್ಪುವುದೂ ಉಂಟು. ಮೇಲೆ ಹೇಳಿದ ತಾಯಿಯ ಬಾಲ್ಯದ ರೋಗವೇ ಅದಕ್ಕೆ ಉದಾಹರಣೆ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಮಕ್ಕಳಿಗೆ ಗಂಟಲು ನೋವು ಬಂದು, ಸರಿಯಾದ ಚಿಕಿತ್ಸೆಯಿಲ್ಲದೆ ಬಿಟ್ಟರೆ, ಎರಡು ಮೂರು ವಾರಗಳ ಬಳಿಕ ಕೆಲವರಲ್ಲಿ ದೇಹದ ರಕ್ಷಣಾಶಕ್ತಿಯು ರೋಗಾಣುವೆಂದು ಭ್ರಮಿಸಿ ಹೃದಯದ ಕವಾಟವನ್ನೇ ಘಾಸಿಗೊಳಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ದೋಷನಿರ್ವಾಹಕವೂ ಮೂರು ಬಗೆಯಲ್ಲಿ ಕೆಡಬಹುದು: ಎಚ್ಚರಾಗದಿರಬಹುದು, ಎಚ್ಚರಾದರೂ ಸುಳ್ಳು ಹೇಳಬಹುದು, ಅಥವಾ ತಾನೇ ಹಾನಿ ಮಾಡಬಹುದು. ನಮ್ಮ ಸ್ಕ್ರಿಪ್ಟಿನಲ್ಲಿ ಈ ಮೂರೂ ಇದ್ದವು.

ಪರೀಕ್ಷೆ ಮತ್ತು ನಿದಾನ

ಪರೀಕ್ಷಾಲಯದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನು ಕುಂದಾಪುರದ ಕಡೆಯ ಒಬ್ಬ ಹುಡುಗ. ರಾತ್ರಿಯ ದಿನಚರಿ ಕಡತವನ್ನು ತೋರಿಸುತ್ತ ಅವನು, "ಸಾರ್, ಸೋಮವಾರ ದೋಷ ಇದೆ ಅಂತ ಬರೆದಿದೆ. ಆದರೆ ದೋಷ ಸಂಖ್ಯೆ ಸೊನ್ನೆಯಂತೆ! ಮಂಗಳವಾರ ದೋಷವೇ ಇಲ್ಲ. ಎರಡೂ ದಿನ ಮ್ಯಾನೇಜರರಿಗೆ 'ವರದಿಗಳು ರವಾನೆಯಾದವು' ಎಂದೇ ಸಂದೇಶ ಹೋಗಿದೆ" ಎಂದ. ಇದು ನಿಜಕ್ಕೂ ವಿಚಿತ್ರವೇ. ಸೊನ್ನೆ ಎಂದರೆ ಗೆಲವು. ಗೆಲವಿನ ದೋಷವೆಂದರೆ ಯಾವುದು?

ಇಂಥಲ್ಲಿ ಮೊದಲ ನಿಯಮವೆಂದರೆ ಕೂಡಲೇ ಏನನ್ನೂ ತಿದ್ದಬಾರದು. ರೋಗಿಯ ಪೂರ್ವವೃತ್ತಾಂತವನ್ನು ಕೇಳದೆ ವೈದ್ಯರು ಔಷಧ ಬರೆಯುವುದಿಲ್ಲ. ನಾವು ಸ್ಕ್ರಿಪ್ಟಿನ ಒಂದು ಪ್ರತಿಯನ್ನು ತೆಗೆದು, ಸುಳ್ಳು ಹೆಸರಿನ ಕಡತಗಳನ್ನಿಟ್ಟು, ಬೇರೊಂದು ಯಂತ್ರದಲ್ಲಿ ಬೇಕೆಂದೇ ಸೋಲನ್ನು ಉಂಟುಮಾಡಿ ನೋಡಿದೆವು. ಕಂಡುಬಂದ ದೋಷಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

ಮೊದಲನೆಯದು: ಸುಳ್ಳು ಸಂಖ್ಯೆ. ಸೋಮವಾರ ರಾತ್ರಿ ರವಾನೆಯ ಆಜ್ಞೆ ಸೋತದ್ದು ನಿಜ. ನಿರ್ವಾಹಕ ಎಚ್ಚೆತ್ತದ್ದೂ ನಿಜ. ಆದರೆ ಅದರ ಮೊದಲ ಸಾಲು ದಿನಚರಿಯಲ್ಲಿ ದಿನಾಂಕ ಬರೆಯುವುದಾಗಿತ್ತು. ಎರಡನೆಯ ಸಾಲು ದೋಷ ಸಂಖ್ಯೆಯನ್ನು ಕೇಳುವುದಾಗಿತ್ತು. ಶೆಲ್ ತನ್ನ ನೆನಪಿನಲ್ಲಿ ಇಟ್ಟುಕೊಳ್ಳುವುದು ತೀರ ಹಿಂದಿನ ಒಂದೇ ಆಜ್ಞೆಯ ಫಲವನ್ನು. ದಿನಾಂಕ ಬರೆಯುವ ಕೆಲಸ ಯಶಸ್ವಿಯಾಗಿ ಮುಗಿದಿದ್ದರಿಂದ ಉತ್ತರ ಸೊನ್ನೆ ಎಂದೇ ಬಂದಿತು! ನಿರ್ವಾಹಕವು ಆ ಸೊನ್ನೆಯನ್ನೇ ಹೊತ್ತು ಸ್ಕ್ರಿಪ್ಟಿನಿಂದ ಹೊರನಡೆಯಿತು. ಹೊರಗೆ ಕಾದಿದ್ದ ಮೇಲ್ವಿಚಾರಕ ಸ್ಕ್ರಿಪ್ಟು ಸೊನ್ನೆಯನ್ನು ಕಂಡು "ಎಲ್ಲವೂ ಕ್ಷೇಮ" ಎಂದು ಮ್ಯಾನೇಜರರಿಗೆ ಸಂದೇಶ ಕಳುಹಿಸಿತು. ಅಪಘಾತದ ಸುದ್ದಿ ತರಲು ಹೋದವನು ಬಾಗಿಲಲ್ಲಿ ಕುಶಲಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಬಂದ ವಿಷಯವನ್ನೇ ಮರೆತಂತಾಯಿತು.

ಎರಡನೆಯದು: ಕೊಳವೆಯ ಮೋಸ. ಮಂಗಳವಾರ ಬೆಳಗ್ಗೆ ಹುಡುಗನು ಆ ವಿಚಿತ್ರ ಸಾಲನ್ನು ಗಮನಿಸಿದ್ದ. ಹೆಚ್ಚಿನ ವಿವರ ಸಿಗಲೆಂದು ಸದುದ್ದೇಶದಿಂದಲೇ ರವಾನೆಯ ಆಜ್ಞೆಯ ಮುಂದೆ ಒಂದು ಕೊಳವೆ ಜೋಡಿಸಿ, ಅದರ ಮಾತುಗಳನ್ನು ಪರದೆಗೂ ಕಡತಕ್ಕೂ ಹಂಚುವ ಟೀ ಎಂಬ ಆಜ್ಞೆಗೆ ಒಪ್ಪಿಸಿದ. ಅಂದು ರಾತ್ರಿ ದೋಷದ ಸಾಲೇ ಇಲ್ಲ! ಅವನಿಗೆ ಸಂತೋಷವಾಯಿತು. ಆದರೆ ಕೊಳವೆಯಿಂದ ಜೋಡಿಸಿದ ಆಜ್ಞೆಗಳ ಸಾಲಿನಲ್ಲಿ ಶೆಲ್ ಗಣನೆಗೆ ತೆಗೆದುಕೊಳ್ಳುವುದು ಕೊನೆಯ ಆಜ್ಞೆಯ ಫಲವನ್ನು ಮಾತ್ರ. ರವಾನೆ ಸೋತರೂ ಟೀ ಸೋಲಲಿಲ್ಲ. ಆದುದರಿಂದ ನಿರ್ವಾಹಕ ಎಚ್ಚರಾಗಲೇ ಇಲ್ಲ. ಕಾರಣ ತಿಳಿಯದೆ ಜ್ವರದ ಗುಳಿಗೆ ನುಂಗಿಸಿ, ಮೈ ತಣ್ಣಗಾಯಿತೆಂದು ರೋಗವೇ ಹೋಯಿತೆನ್ನುವುದಕ್ಕೂ ಇದಕ್ಕೂ ಭೇದವಿಲ್ಲ. ಬ್ಯಾಷ್ ಶೆಲ್ಲಿನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆಯನ್ನು ಹಾಕಿದರೆ ಸಾಲಿನ ಯಾವ ಆಜ್ಞೆ ಸೋತರೂ ಸೋಲೆಂದೇ ಎಣಿಸಲಾಗುತ್ತದೆ.

ಮೂರನೆಯದು: ನಾನೇ ಮಾಡಿದ ತಪ್ಪು. ಇದನ್ನು ಮರೆಮಾಚದೆ ಹೇಳುವುದು ಕರ್ತವ್ಯ. ಮೇಲಿನ ಎರಡನ್ನೂ ತಿದ್ದಿದ ಮೇಲೆ, ಸೋತರೆ ಮೂರು ಬಾರಿ ಯತ್ನಿಸಲಿ ಎಂದು ರವಾನೆಯ ಸಾಲುಗಳನ್ನೆಲ್ಲ ಒಂದು ಫಂಕ್ಷನ್ನಿನೊಳಗೆ ಸೇರಿಸಿ, "ಇಫ್" ಎಂಬ ಪ್ರಶ್ನೆಯ ಮೂಲಕ ಅದನ್ನು ಕರೆದೆ. ಪ್ರಯೋಗದಲ್ಲಿ ನೋಡಿದರೆ ಕಡತ ಹೋಗಿಲ್ಲ. ಆದರೂ "ಕಳುಹಿಸಲಾಯಿತು" ಎಂಬ ಬರಹ ಮೂಡಿದೆ! ತಡರಾತ್ರಿಯವರೆಗೂ ತಲೆ ಕೆರೆದುಕೊಂಡ ಬಳಿಕ ಅರ್ಥವಾಯಿತು. ಇಫ್ ಎಂದು ಕೇಳಿದಾಗ ಶೆಲ್ "ಗೆಲವು ಸೋಲುಗಳನ್ನು ಇವನೇ ನೋಡಿಕೊಳ್ಳುತ್ತಿದ್ದಾನೆ" ಎಂದು ಭಾವಿಸಿ, ಆ ಫಂಕ್ಷನ್ನಿನೊಳಗೆಲ್ಲ "ಸೋತರೆ ನಿಲ್ಲು" ಎಂಬ ಕಟ್ಟಳೆಯನ್ನೂ ದೋಷನಿರ್ವಾಹಕವನ್ನೂ ಅಮಾನತಿನಲ್ಲಿಡುತ್ತದೆ. ಸೊಸೈಟಿಯ ಸೆಕ್ರೆಟರಿಯವರು "ನಾನೇ ಗೇಟಿನಲ್ಲಿ ನಿಂತಿದ್ದೇನೆ, ನೀನು ಸೀಟಿ ಊದಬೇಡ" ಎಂದರೆ ವಾಚ್‌ಮನ್ ಸುಮ್ಮನಿರುವಂತೆ. ಆದರೆ ಸೆಕ್ರೆಟರಿಯವರು ನೋಡುವುದು ಕೊನೆಯಲ್ಲಿ ಹೊರಬಂದವನನ್ನು ಮಾತ್ರ. ರವಾನೆಯ ಸಾಲು ಸೋತರೂ ಶೆಲ್ ಮುಂದಿನ ಸಾಲಿಗೆ ನಡೆದು, "ಕಳುಹಿಸಲಾಯಿತು" ಎಂದು ಬರೆಯುವ ಆಜ್ಞೆಯನ್ನು ಯಶಸ್ವಿಯಾಗಿ ಮುಗಿಸಿತು. ಆ ಯಶಸ್ಸೇ ಫಂಕ್ಷನ್ನಿನ ಯಶಸ್ಸಾಯಿತು. ಇದಕ್ಕೆ ಪರಿಹಾರ, ಒಳಗಿನ ಪ್ರತಿ ಮುಖ್ಯ ಹೆಜ್ಜೆಯ ಎದುರಿಗೂ "ಇದು ಸೋತರೆ ಇಲ್ಲಿಂದಲೇ ಸೋಲಿನೊಡನೆ ಹಿಂತಿರುಗು" ಎಂದು ಬಿಡಿಸಿ ಬರೆಯುವುದು. ಇಫ್ ಇಲ್ಲದೆ ಕರೆದ ಫಂಕ್ಷನ್ನಿಗೂ ಹೊರಗಿನ ದೋಷನಿರ್ವಾಹಕ ತಾನಾಗಿ ಅನ್ವಯಿಸುವುದಿಲ್ಲ, ಎರ್‌ಟ್ರೇಸ್ ಎಂಬ ಆಯ್ಕೆಯನ್ನು ಬೇರೆಯಾಗಿ ಕೊಡಬೇಕು ಎಂಬುದನ್ನೂ ತರುಣರು ನೆನಪಿಡಬೇಕು.

ನಾಲ್ಕನೆಯದು: ಹಾನಿ ಮಾಡುವ ಶುಚಿತ್ವ. ಸ್ಕ್ರಿಪ್ಟು ಮುಗಿಯುವಾಗ ತಾತ್ಕಾಲಿಕ ಕಡತಗಳನ್ನು ಅಳಿಸುವ ಇನ್ನೊಂದು ಟ್ರ್ಯಾಪನ್ನು ನೇಮಿಸಲಾಗಿತ್ತು. ಅದು ಗೆದ್ದು ಮುಗಿದಾಗಲೂ ನಡೆಯುತ್ತದೆ, ಸೋತು ಮುಗಿದಾಗಲೂ ನಡೆಯುತ್ತದೆ. ರವಾನೆಯಾಗದ ವರದಿಗಳ ಕಟ್ಟನ್ನೂ ಅದು ಗುಡಿಸಿ ಹಾಕಿತು. ಮೂಲ ಯಂತ್ರದ ದಾಖಲೆಯಲ್ಲಿ ವರದಿ ಉಳಿದಿದ್ದರಿಂದ ನಾವು ಬಚಾವಾದೆವು.

ಐದನೆಯದು: ಬರಿಯ ಹೆಸರಿನ ಕಡತ. ಇಷ್ಟೆಲ್ಲಕ್ಕೂ ಮೂಲಕಾರಣ ತೀರ ಸರಳವಾಗಿತ್ತು: ಎದುರಿನ ಸರ್ವರಿನಲ್ಲಿ ಜಾಗ ತುಂಬಿಹೋಗಿತ್ತು. ಅಲ್ಲಿ ಸರಿಯಾದ ಹೆಸರಿನ ಕಡತ ಹುಟ್ಟಿತು, ಆದರೆ ಒಳಗೇನೂ ಇರಲಿಲ್ಲ. ಚಿಕಿತ್ಸಾಲಯದ ಯಂತ್ರವು ಹೆಸರನ್ನು ಕಂಡು, ತೆರೆದು, ಏನೂ ಇಲ್ಲವೆಂದು ತಿಳಿದು, "ಇಂದು ವರದಿಗಳಿಲ್ಲ" ಎಂದು ತೋರಿಸಿತು. "ವರದಿ ಬಂದಿಲ್ಲ" ಎಂಬುದಕ್ಕೂ "ವರದಿಯೇ ಇಲ್ಲ" ಎಂಬುದಕ್ಕೂ ಇರುವ ಅಂತರವನ್ನು ಅದು ಅಳಿಸಿಹಾಕಿತು. ಆ ತಾಯಿಯ ಪ್ರಾಣ ತೂಗಾಡಿದ್ದು ಆ ಅಂತರದಲ್ಲಿ.

ಆಕಾಶದಲ್ಲಿ ನಡೆದ ಒಂದು ಪಾಠ

ಇದು ಸಣ್ಣ ಪರೀಕ್ಷಾಲಯದ ಸಣ್ಣ ಅಚಾತುರ್ಯವೆಂದು ಕಡೆಗಣಿಸುವಂತಿಲ್ಲ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟು ದಕ್ಷಿಣ ಅಮೆರಿಕದ ಕೂರೂ ಎಂಬಲ್ಲಿಂದ ತನ್ನ ಮೊದಲ ಹಾರಾಟಕ್ಕೆ ಏರಿ, ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಹಳೆಯ ಏರಿಯಾನ್-4ರಿಂದ ಎತ್ತಿಕೊಂಡ ತಂತ್ರಾಂಶದಲ್ಲಿ 64 ಬಿಟ್ಟುಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟುಗಳ ಪೂರ್ಣಾಂಕಕ್ಕೆ ಇಳಿಸುವ ಕ್ರಿಯೆಯಿತ್ತು. ಅಂಥ ಪೂರ್ಣಾಂಕ 32,767ಕ್ಕಿಂತ ಹೆಚ್ಚಿನದನ್ನು ಹಿಡಿಯಲಾರದು. ಹೊಸ ರಾಕೆಟ್ಟಿನ ವೇಗಕ್ಕೆ ಅದು ಉಕ್ಕಿಹರಿಯಿತು. ದೋಷ ಕಂಡಾಗ ಏನು ಮಾಡಬೇಕೆಂಬುದನ್ನು ಮೊದಲೇ ನಿರ್ಧರಿಸಲಾಗಿತ್ತು: ದೋಷದ ವಿವರವನ್ನು ಕಳುಹಿಸಿ ಆ ಘಟಕವು ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು. ಮೀಸಲು ಘಟಕವೂ ಅದೇ ಕಾರಣದಿಂದ ಆಗಲೇ ನಿಂತಿತ್ತು. ಕಳುಹಿಸಿದ ದೋಷವಿವರವನ್ನು ಮುಖ್ಯ ಗಣಕವು ಹಾರಾಟದ ಅಂಕಿಗಳೆಂದೇ ತಿಳಿದು ರಾಕೆಟ್ಟನ್ನು ಒಮ್ಮೆಲೇ ತಿರುಗಿಸಿತು. ವಿಷಾದವೆಂದರೆ, ಉಕ್ಕಿಹರಿದ ಆ ಲೆಕ್ಕಾಚಾರವು ನೆಲಬಿಟ್ಟ ಮೇಲೆ ಆ ರಾಕೆಟ್ಟಿಗೆ ಬೇಕಾಗಿಯೇ ಇರಲಿಲ್ಲ! ಪುಣ್ಯಕ್ಕೆ ಅದರಲ್ಲಿ ಮನುಷ್ಯರಿರಲಿಲ್ಲ. ನಾಲ್ಕು ವೈಜ್ಞಾನಿಕ ಉಪಗ್ರಹಗಳು ನಾಶವಾದವು. ನೆಗಡಿಯೆಂದು ಮೂಗು ಕೊಯ್ದುಕೊಂಡ ಕಥೆಗೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಸಿಗಲಾರದು.

ಚಿಕಿತ್ಸೆ

ನಾವು ಸ್ಕ್ರಿಪ್ಟನ್ನು ಹೊಸದಾಗಿ ಬರೆದಾಗ ಅನುಸರಿಸಿದ ಕ್ರಮಗಳನ್ನು ಇಲ್ಲಿ ಸಂಗ್ರಹಿಸಿದ್ದೇನೆ. ಯಾವ ಕಚೇರಿಯ ರವಾನೆಗೂ ಇವು ಸಲ್ಲುತ್ತವೆ.

1. ನಿರ್ವಾಹಕದ ಮೊತ್ತಮೊದಲ ಕೆಲಸ ಸೋಲಿನ ಸಂಖ್ಯೆಯನ್ನು ಒಂದು ಹೆಸರಿನಡಿ ಭದ್ರವಾಗಿಡುವುದು. ಉಳಿದೆಲ್ಲ ಕೆಲಸ ಅನಂತರ. ಹೊರಹೋಗುವಾಗ ಅದೇ ಸಂಖ್ಯೆಯೊಡನೆ ಹೊರಹೋಗಬೇಕು.

2. ಕೊಳವೆಗಳಿರುವಲ್ಲಿ ಪೈಪ್‌ಫೇಲ್ ಆಯ್ಕೆ ಇರಲಿ. ಇಫ್ ಮೂಲಕ ಕರೆಯುವ ಫಂಕ್ಷನ್ನಿನಲ್ಲಿ ಪ್ರತಿ ಹೆಜ್ಜೆಯ ಸೋಲನ್ನೂ ಬಿಡಿಸಿ ಪರಿಶೀಲಿಸಬೇಕು.

3. ಎದುರಿನ ಯಂತ್ರಕ್ಕೆ ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಕಳುಹಿಸಿ, ಗಾತ್ರವನ್ನೂ ಪರೀಕ್ಷಾಮೊತ್ತವನ್ನೂ ಹೋಲಿಸಿ, ಸರಿಯಾಗಿದ್ದರೆ ಮಾತ್ರ ನಿಜವಾದ ಹೆಸರಿಗೆ ಬದಲಿಸಬೇಕು. ಅರ್ಧ ಕಡತಕ್ಕೆ ಪೂರ್ಣ ಹೆಸರು ಸಲ್ಲದು.

4. ಗೆದ್ದುದು ಖಚಿತವಾದ ಬಳಿಕವೇ ಅಳಿಸುವ ಕೆಲಸ. ಸೋತ ಕಟ್ಟುಗಳನ್ನು ಬೇರೊಂದು ಫೋಲ್ಡರಿನಲ್ಲಿ ಜೋಪಾನವಾಗಿಡಬೇಕು.

5. ತಾತ್ಕಾಲಿಕ ತೊಂದರೆಗೆ ಮರುಯತ್ನ; ಜಾಗ ತುಂಬಿದುದು, ಒಪ್ಪಿಗೆ ದೊರೆಯದುದು ಮುಂತಾದವಕ್ಕೆ ಮನುಷ್ಯನಿಗೆ ಕರೆ. ಈ ಎರಡನ್ನು ಬೆರೆಸಬಾರದು.

6. ಸೋತ ತಂತಿಯ ಮೂಲಕವೇ ಸೋಲಿನ ಸುದ್ದಿ ಹೋಗಲಾರದು. ಎಚ್ಚರಿಕೆಗೆ ಬೇರೆ ದಾರಿ ಇರಬೇಕು.

7. ಎಲ್ಲಕ್ಕಿಂತ ಮುಖ್ಯವಾದುದು: ಮೌನವನ್ನು ಗೆಲವೆಂದು ತಿಳಿಯಬಾರದು. ವಿದ್ಯುತ್ತೇ ಹೋದರೆ ಯಾವ ನಿರ್ವಾಹಕವೂ ಬಾಯಿ ಬಿಡಲಾರದು. 2020ರ ಅಕ್ಟೋಬರ್ 12ರ ಬೆಳಗ್ಗೆ ವಿದ್ಯುತ್ ಜಾಲ ಕುಸಿದು ಮುಂಬಯಿಯ ಲೋಕಲ್ ಗಾಡಿಗಳು ನಿಂತಲ್ಲೇ ನಿಂತದ್ದು ಓದುಗರಿಗೆ ನೆನಪಿರಬಹುದು. ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಸಂಕೇತವನ್ನೂ ಯಾವ ಟ್ರ್ಯಾಪೂ ಹಿಡಿಯಲಾರದು. ಆದುದರಿಂದ ಬೇರೊಂದು ಯಂತ್ರವು ಹೊರಗಿನಿಂದ ಕಾಯುತ್ತಿರಬೇಕು. ಒಂಬತ್ತೂವರೆಯೊಳಗೆ ಗೆಲವಿನ ಗುರುತು ಬಾರದಿದ್ದರೆ ಗಂಟೆ ಬಾರಿಸಬೇಕು.

8. ತಿಂಗಳಿಗೊಮ್ಮೆಯಾದರೂ ಬೇಕೆಂದೇ ಸೋಲಿಸಿ ನೋಡಬೇಕು. ಯುನಿಕ್ಸಿನಲ್ಲಿ ಫಾಲ್ಸ್ ಎಂಬ ಆಜ್ಞೆಯಿದೆ; ಸೋಲುವುದೇ ಅದರ ಏಕೈಕ ಕೆಲಸ. ಅದನ್ನು ರವಾನೆಯ ಸ್ಥಾನದಲ್ಲಿಟ್ಟು ಗಂಟೆ ಬಾರಿಸುತ್ತದೆಯೇ ಎಂದು ಪರೀಕ್ಷಿಸಬಹುದು. ಬೆಂಕಿಯ ಕವಾಯತು ಮಾಡದ ಕಟ್ಟಡದಲ್ಲಿ ಬಾಲ್ದಿ ತೂಗುಹಾಕಿ ಫಲವೇನು?

ಈ ಕ್ರಮಗಳು ಜಾರಿಗೆ ಬಂದ ಮೊದಲ ವಾರದಲ್ಲೇ ಒಂದು ರಾತ್ರಿ ಗಂಟೆ ಬಾರಿಸಿತು; ಮಳೆಯಿಂದ ಸಂಪರ್ಕ ಕಡಿದಿತ್ತು. ಹುಡುಗನು ವರದಿಗಳನ್ನು ಅಂದೇ ಫೋನಿನಲ್ಲಿ ಓದಿ ಹೇಳಿದ. ಆ ಗಂಟೆಯ ಸದ್ದು ನಮಗೆ ಮಂಗಳವಾದ್ಯದಂತೆ ಕೇಳಿಸಿತು.

ಮನೆಮಂದಿಗೆ ಕೆಲವು ಮಾತು

ಯಂತ್ರದ ಗೊಡವೆ ಬೇಡವೆನ್ನುವ ಓದುಗರಿಗೂ ಇಲ್ಲಿ ತೆಗೆದುಕೊಳ್ಳಬೇಕಾದುದಿದೆ.

ಪರೀಕ್ಷೆಗೆ ರಕ್ತ ಕೊಟ್ಟ ದಿನವೇ ವರದಿ ಎಂದು ಸಿದ್ಧವಾಗುವುದೆಂದು ಕೇಳಿ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ವೈದ್ಯರಿಂದ ಸುದ್ದಿ ಬಾರದಿದ್ದರೆ ನೀವೇ ಕೇಳಿ. ವೈದ್ಯರಿಗೆ ತೊಂದರೆ ಕೊಟ್ಟಂತಾಗುವುದೇನೋ ಎಂಬ ಸಂಕೋಚ ಬೇಡ. ಪ್ರಾಣಾಪಾಯ ಸೂಚಿಸುವ ಫಲಿತಾಂಶ ಕಂಡರೆ ಪರೀಕ್ಷಾಲಯವು ಕೂಡಲೇ ವೈದ್ಯರಿಗೆ ತಿಳಿಸಬೇಕೆಂಬುದು ಐ.ಎಸ್.ಓ. 15189 ಎಂಬ ಅಂತಾರಾಷ್ಟ್ರೀಯ ಮಾನದಂಡದ ಅಪೇಕ್ಷೆ. ನಿಮ್ಮ ಪರೀಕ್ಷಾಲಯದಲ್ಲಿ ಈ ಪದ್ಧತಿ ಇದೆಯೇ ಎಂದು ವಿಚಾರಿಸುವ ಹಕ್ಕು ನಿಮಗಿದೆ.

ವಾರ್ಫರಿನ್ ಸೇವಿಸುವವರು ಯಾವ ಹೊಸ ಔಷಧವನ್ನೂ, ನೋವಿನ ಗುಳಿಗೆಯನ್ನೂ, ಕಷಾಯ ಚೂರ್ಣಗಳನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಬಸಳೆ, ಹರಿವೆ, ಪಾಲಕ ಮೊದಲಾದ ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ಈ ಗುಳಿಗೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನು ಪೂರ್ತಿ ಬಿಡಬೇಕಾಗಿಲ್ಲ. ದಿನದಿನದ ಪ್ರಮಾಣ ಒಂದೇ ಸಮನಾಗಿರಲಿ. ವಸಡಿನ ರಕ್ತ, ಕಪ್ಪಾದ ಮಲ, ಕಾರಣವಿಲ್ಲದ ನೀಲಿ ಕಲೆ, ತಲೆಗೆ ಬಿದ್ದ ಪೆಟ್ಟು ಇವನ್ನು ಎಂದೂ ಉಪೇಕ್ಷಿಸಬೇಡಿ. ಮಕ್ಕಳ ಗಂಟಲು ನೋವನ್ನು ವೈದ್ಯರಿಗೆ ತೋರಿಸಿ. ವೈದ್ಯರು ಆಂಟಿಬಯಾಟಿಕ್ ಕೊಟ್ಟರೆ, ನೋವು ಹೋಯಿತೆಂದು ನಡುವೆ ನಿಲ್ಲಿಸದೆ ಅವರು ಹೇಳಿದಷ್ಟು ದಿನ ಮುಗಿಸಿ.

ಊರಿನಿಂದ ನೂರಾರು ಮೈಲಿ ದೂರದ ಈ ಮಹಾನಗರದಲ್ಲಿ ನಾವು "ಸುದ್ದಿ ಇಲ್ಲವೆಂದರೆ ಎಲ್ಲರೂ ಕ್ಷೇಮ" ಎಂದು ನಂಬಿ ದಿನ ದೂಡುವವರು. ಊರಿನ ತಂದೆತಾಯಿಗಳ ವಿಷಯದಲ್ಲಿಯೂ, ಪಕ್ಕದ ಕೋಣೆಯ ಒಂಟಿ ಹಿರಿಯರ ವಿಷಯದಲ್ಲಿಯೂ ಇದೇ ನಂಬಿಕೆ. ಆ ರಾತ್ರಿಯ ದಿನಚರಿ ಕಡತ ನನಗೆ ಕಲಿಸಿದ್ದು ಬೇರೆ. ಈಗ ನಾನು ವಾರಕ್ಕೊಮ್ಮೆ ನಿಯತವಾಗಿ ಊರಿಗೆ ಫೋನು ಮಾಡುತ್ತೇನೆ. ಆ ಹೊತ್ತಿಗೆ ಯಾರೂ ಎತ್ತದಿದ್ದರೆ ನೆರೆಮನೆಯವರನ್ನು ಕರೆದು ಕೇಳುತ್ತೇನೆ. ಆ ತಾಯಿಯ ಮನೆಯಲ್ಲಿಯೂ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಯ ದಿನದ ಪಕ್ಕದಲ್ಲೇ ವೈದ್ಯರನ್ನು ಕೇಳಬೇಕಾದ ದಿನಕ್ಕೂ ಕೆಂಪು ಗುರುತು ಬಿದ್ದಿದೆ.